ವಿಕಿಪೀಡಿಯ ಪುಟದ ಇತಿಹಾಸ ಓದಲು ಸುಲಭವಾಗಬೇಕೆ?

ಕನ್ನಡ ವಿಕಿಪೀಡಿಯದಲ್ಲಿ ಪುಟದ ಇತಿಹಾಸ (ಯಾರು, ಯಾವಾಗ ಬದಲಿಸಿದರು ಎಂಬ ಪಟ್ಟಿ) ತೆರೆದಾಗ ಬೈಟ್ ಲೆಕ್ಕ (ಪ್ರತಿ ಸಂಪಾದನೆಯಿಂದ ಪುಟದ ಗಾತ್ರ ಎಷ್ಟು ಹೆಚ್ಚು ಕಡಿಮೆಯಾಯಿತು ಎಂಬ ಸಂಖ್ಯೆ) ನೋಡಿಯೇ ತೀರ್ಮಾನಕ್ಕೆ ಬರಬೇಡಿ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ (ಕಂಪ್ಯೂಟರ್ ಬೇರೆಬೇರೆಯಾಗಿ ಎಣಿಸುವ ಅಕ್ಷರ ಅಥವಾ ಚಿಹ್ನೆಗೆ) 3 ಬೈಟ್ ಬೇಕು. 'ಕನ್ನಡ' ಎಂಬ ಒಂದೇ ಪದ (ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂಬ ಐದು ಸಂಕೇತ) 15 ಬೈಟ್. ಇಂಗ್ಲಿಷ್ ವಿಕಿಯಲ್ಲಿ ದೊಡ್ಡದೆನಿಸುವ +300 ಇಲ್ಲಿ ಎರಡು ಮೂರು ವಾಕ್ಯ ಅಷ್ಟೆ. 0 ಎಂದಿದ್ದರೂ ಇಸವಿಯ ಒಂದು ಅಂಕಿ ಬದಲಾಗಿರಬಹುದು, ಕಿಡಿಗೇಡಿಗಳಿಗೆ ಇದು ಚೆನ್ನಾಗಿ ಗೊತ್ತು.

ಒಂದೊಂದೇ ಸಂಪಾದನೆ ತೆರೆಯುತ್ತ ಕೂರಬೇಡಿ. ಇತಿಹಾಸದ ಪಟ್ಟಿಯಲ್ಲಿರುವ ಗುಂಡಿಗಳ ಎಡಸಾಲಿನಲ್ಲಿ ಹಳೆಯ ಆವೃತ್ತಿಯನ್ನು, ಬಲಸಾಲಿನಲ್ಲಿ ಹೊಸದನ್ನು ಗುರುತು ಮಾಡಿ ಹೋಲಿಸಿದರೆ ನಡುವಿನದೆಲ್ಲ ಒಟ್ಟಿಗೆ ಕಾಣುತ್ತದೆ. ಪಟ್ಟಿ ಉದ್ದವಿದ್ದರೆ ಒಮ್ಮೆಗೆ 500 ಸಂಪಾದನೆ ತೋರಿಸುವಂತೆ ಆರಿಸಿ.

ಹೋಲಿಕೆ ಕಲಸುಮೇಲೋಗರವಾಗುವುದಕ್ಕೆ ಸಾಮಾನ್ಯವಾಗಿ ಸಂಪಾದಕರೇ ಕಾರಣ. ತಂತ್ರಾಂಶ ಸಾಲು ಸಾಲಾಗಿ ಹೋಲಿಸುತ್ತದೆ, ಇಡೀ ಪ್ಯಾರಾ ಅದಕ್ಕೆ ಒಂದೇ ಸಾಲು. ಪ್ಯಾರಾ ಒಡೆದು, ಜಾಗ ಬದಲಿಸಿ, ಜೊತೆಗೆ ಪದಗಳನ್ನೂ ತಿದ್ದಿ ಒಂದೇ ಸಲ ಉಳಿಸಿದರೆ ಯಾವುದು ಹೊಸದೆಂದು ತಿಳಿಯುವುದು ಕಷ್ಟ. ಮೊದಲು ಪ್ಯಾರಾ ಸರಿಸಿ ಉಳಿಸಿ, ಆಮೇಲೆ ಪದ ತಿದ್ದಿ ಇನ್ನೊಮ್ಮೆ ಉಳಿಸಿ. ವಿಭಾಗದ ಪಕ್ಕದ 'ಸಂಪಾದಿಸಿ' ಒತ್ತಿದರೆ ವಿಭಾಗದ ಹೆಸರು ಸಾರಾಂಶದಲ್ಲಿ (ಏನು ಬದಲಿಸಿದಿರೆಂದು ಬರೆಯುವ ಚಿಕ್ಕ ಟಿಪ್ಪಣಿಯಲ್ಲಿ) ತಾನೇ ಬರುತ್ತದೆ. ಅದರ ಮುಂದೆ 'ಜನನ ವರ್ಷ ತಿದ್ದಿದೆ, ಉಲ್ಲೇಖ ಸೇರಿಸಿದೆ' ಎಂದು ಬರೆಯಿರಿ. ಬರೀ 'ತಿದ್ದುಪಡಿ' ಎಂದರೆ ಯಾರಿಗೂ ಉಪಯೋಗವಿಲ್ಲ. ಸಾರಾಂಶ ಖಾಲಿ ಬಿಟ್ಟರೆ ಎಚ್ಚರಿಸುವ ಆಯ್ಕೆಯೂ ನಿಮ್ಮ ಖಾತೆಯ ಪ್ರಾಶಸ್ತ್ಯಗಳಲ್ಲಿ (ಸೆಟ್ಟಿಂಗ್‌ಗಳಲ್ಲಿ) ಇದೆ.

ಹಿಂದಕ್ಕೆ ಮರಳಿಸುವಾಗ ಮಾತ್ರ ಹುಷಾರು: ಹಳೆಯ ಆವೃತ್ತಿ ತೆರೆದು ಉಳಿಸಿದರೆ ನಂತರದ ಎಲ್ಲರ ಕೆಲಸವೂ ಪುಟದಿಂದ ಹೋಗುತ್ತದೆ. ಒಂದೇ ಸಂಪಾದನೆ ತೆಗೆಯಲು ರದ್ದುಗೊಳಿಸುವ ಕೊಂಡಿ ಬಳಸಿ. ಅದೇ ಸಾಲನ್ನು ಆಮೇಲೆ ಬೇರೆಯವರು ತಿದ್ದಿದ್ದರೆ ಅದು ಕೆಲಸ ಮಾಡದು. ಆಗ ಕೈಯಾರೆ ತಿದ್ದಬೇಕು.