ಹೊಗೆಯ ಲೆಕ್ಕ ಕೈಯಲ್ಲೇ ಹಾಕುವುದು ಹೇಗೆ

ಇಂಧನ ಸುಟ್ಟಾಗ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿತ್ತು ಎಂದು ತಿಳಿಯಲು ಚಿಮಣಿಗೆ ಉಪಕರಣ ಕಟ್ಟಬೇಕಿಲ್ಲ. ಎಷ್ಟು ಇಂಧನ ಖರ್ಚಾಯಿತು, ಅದರಲ್ಲಿ ಇಂಗಾಲ ಎಷ್ಟಿತ್ತು, ಇವೆರಡು ಗೊತ್ತಿದ್ದರೆ ಸಾಕು. ಒಲೆಯೊಳಗೆ ಹೋದ ಇಂಗಾಲ ಮಾಯವಾಗುವುದಿಲ್ಲ. ಹೊಗೆಯಲ್ಲಿ ಬರಬೇಕು, ಇಲ್ಲವೇ ಬೂದಿಯಲ್ಲಿ ಉಳಿಯಬೇಕು. ಗುಣಾಕಾರ, ಭಾಗಾಕಾರ ಬಂದರೆ ಉಳಿದದ್ದೆಲ್ಲ ಎಚ್ಚರಿಕೆಯ ಕೆಲಸ. ಮುಕ್ಕಾಲು ಪಾಲು ತಪ್ಪುಗಳು ಏಕಮಾನ ಬೆರೆಸಿಕೊಳ್ಳುವುದರಿಂದಲೇ ಆಗುತ್ತವೆ. ಹಾಗಾಗಿ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಕೆಜಿಯೋ, ಲೀಟರೋ, ಯೂನಿಟ್ಟೋ ಎಂದು ಬರೆದುಕೊಂಡೇ ಮುಂದೆ ಹೋಗಿ.

ಇಂಗಾಲದಿಂದ ಅನಿಲಕ್ಕೆ

ಇಂಗಾಲದ ಪರಮಾಣು ತೂಕ 12, ಆಮ್ಲಜನಕದ್ದು 16. ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಸೇರಿದರೆ 44. ಅಂದರೆ 12 ಕೆಜಿ ಇಂಗಾಲ ಪೂರ್ತಿ ಉರಿದರೆ 44 ಕೆಜಿ ಇಂಗಾಲದ ಡೈಆಕ್ಸೈಡ್. 44ನ್ನು 12ರಿಂದ ಭಾಗಿಸಿದರೆ ಬರುವ 3.67 ಈ ಲೆಕ್ಕದ ಬೆನ್ನೆಲುಬು.

ಒಂದು ಕೆಜಿ ಪೆಟ್ರೋಲಿನಿಂದ ಮೂರು ಕೆಜಿಗೂ ಮಿಕ್ಕಿ ಅನಿಲ ಬರುತ್ತದೆ ಎಂದರೆ ಮೊದಲು ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಹೆಚ್ಚಿನ ತೂಕ ಗಾಳಿಯಿಂದ ಬಂದದ್ದು: ಪ್ರತಿ ಕೆಜಿ ಇಂಗಾಲ ಸುಮಾರು 2.67 ಕೆಜಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ.

ಡೀಸೆಲ್ ಉದಾಹರಣೆ ನೋಡಿ. ಒಂದು ಲೀಟರ್ ಡೀಸೆಲ್ ಸುಮಾರು 0.835 ಕೆಜಿ ತೂಗುತ್ತದೆ, ಅದರಲ್ಲಿ ಇಂಗಾಲ ಶೇ. 86ರ ಆಸುಪಾಸು. 0.835 × 0.86 = 0.718 ಕೆಜಿ ಇಂಗಾಲ. ಅದನ್ನು 3.67ರಿಂದ ಗುಣಿಸಿದರೆ 2.63 ಕೆಜಿ. ಡೀಸೆಲ್‌ಗೆ ಲೀಟರಿಗೆ 2.6ರಿಂದ 2.7 ಕೆಜಿ ಎಂದಿಟ್ಟುಕೊಂಡರೆ ತಪ್ಪಾಗದು. ಪೆಟ್ರೋಲ್ ಹಗುರ, ಲೀಟರಿಗೆ ಸುಮಾರು 2.3 ಕೆಜಿ. ಅಡುಗೆ ಅನಿಲವನ್ನು ಕೆಜಿಯಲ್ಲೇ ತೂಗುವುದರಿಂದ ಲೆಕ್ಕ ಇನ್ನೂ ಸುಲಭ: ಪ್ರೊಪೇನ್ ಆಗಲಿ ಬ್ಯೂಟೇನ್ ಆಗಲಿ, ಕೆಜಿಗೆ 3 ಕೆಜಿ. ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನ್‌ಗೆ ಕೆಜಿಗೆ 2.75.

ದೊಡ್ಡ ಟ್ಯಾಂಕಿನ ಲೆಕ್ಕ ಇಡುವವರು ತಾಪಮಾನವನ್ನೂ ಗಮನಿಸಬೇಕು. ಡೀಸೆಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.08ರಷ್ಟು ಹಿಗ್ಗುತ್ತದೆ. 15 ಡಿಗ್ರಿಯಲ್ಲಿ ಅಳೆದ ಸಾಂದ್ರತೆಯನ್ನು 35 ಡಿಗ್ರಿಯ ಲೀಟರಿಗೆ ಹಚ್ಚಿದರೆ ಶೇ. 1.6ರಷ್ಟು ಹೆಚ್ಚು ಬರುತ್ತದೆ. ಒಂದು ಕಾರಿನ ಮಟ್ಟಿಗೆ ಇದು ಏನೂ ಅಲ್ಲ, ಲಕ್ಷಗಟ್ಟಲೆ ಲೀಟರಿನ ಮಟ್ಟಿಗೆ ಬಹಳ.

ಕಲ್ಲಿದ್ದಲಿನ ವರದಿ ಓದುವಾಗ

ಎಣ್ಣೆ, ಅನಿಲಗಳಿಗೆ ಸಿದ್ಧ ಸಂಖ್ಯೆ ಬಳಸಿದರೂ ನಡೆಯುತ್ತದೆ. ಕಲ್ಲಿದ್ದಲಿಗೆ ನಡೆಯುವುದಿಲ್ಲ, ಗಣಿಯಿಂದ ಗಣಿಗೆ ಅದರ ಗುಣವೇ ಬೇರೆ. ಪ್ರಯೋಗಾಲಯದ ವರದಿ ಕೈಗೆ ಬಂದಾಗ ಎರಡು ಕಡೆ ಎಡವುವವರು ಬಹಳ.

ಮೊದಲನೆಯದು ‘ಫಿಕ್ಸೆಡ್ ಕಾರ್ಬನ್’ ಎಂಬ ಸಾಲು. ಪ್ರಾಕ್ಸಿಮೇಟ್ ಅನಾಲಿಸಿಸ್ ಎಂಬ ಪಟ್ಟಿಯಲ್ಲಿ ತೇವಾಂಶ, ಬೂದಿ, ವೋಲಟೈಲ್ ಮ್ಯಾಟರ್ ಜೊತೆಗೆ ಇದೂ ಇರುತ್ತದೆ. ಹೆಸರು ನೋಡಿ ಇದೇ ಇಂಗಾಲದ ಪ್ರಮಾಣ ಅಂದುಕೊಂಡರೆ ಕೆಟ್ಟಿತು. ಬಿಸಿ ಮಾಡಿದಾಗ ಆವಿಯಾಗಿ ಹೋಗುವ ವೋಲಟೈಲ್ ಭಾಗದಲ್ಲೂ ಇಂಗಾಲ ಇದೆ, ಅದೂ ಉರಿದು ಹೊಗೆ ಸೇರುತ್ತದೆ. ನಿಮಗೆ ಬೇಕಾದ್ದು ಇಂಧನದ ಮೂಲಧಾತುಗಳನ್ನು ಒಂದೊಂದಾಗಿ ಅಳೆಯುವ ಅಲ್ಟಿಮೇಟ್ ಅನಾಲಿಸಿಸ್‌ನ ‘ಟೋಟಲ್ ಕಾರ್ಬನ್’. ಫಿಕ್ಸೆಡ್ ಕಾರ್ಬನ್ 40 ಇದ್ದು ಟೋಟಲ್ ಕಾರ್ಬನ್ 56 ಇರುವ ಕಲ್ಲಿದ್ದಲಿಗೆ ತಪ್ಪು ಸಾಲು ಹಿಡಿದರೆ ಕಾಲು ಭಾಗಕ್ಕಿಂತ ಹೆಚ್ಚು ಹೊಗೆ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಎರಡನೆಯದು ತೇವ. ಪ್ರಯೋಗಾಲಯ ಮಾದರಿಯನ್ನು ಗಾಳಿಯಲ್ಲಿ ಒಣಗಿಸಿ ಪರೀಕ್ಷಿಸುತ್ತದೆ. ನೀವು ತೂಗುವುದು ಲಾರಿಯಲ್ಲೋ ವ್ಯಾಗನ್ನಿನಲ್ಲೋ ಬಂದ ಹಸಿ ಕಲ್ಲಿದ್ದಲನ್ನು. ವರದಿಯಲ್ಲಿ ಒಣ ಮಾದರಿಯ ಇಂಗಾಲ ಶೇ. 62, ಅದರ ತೇವಾಂಶ ಶೇ. 5, ಬಂದ ಸರಕಿನ ಒಟ್ಟು ತೇವಾಂಶ ಶೇ. 14 ಎಂದಿದೆ ಅನ್ನಿ. ಆಗ:

62 × (100 − 14) ÷ (100 − 5) = 56.1

ಲೆಕ್ಕಕ್ಕೆ ಹಿಡಿಯಬೇಕಾದ ಇಂಗಾಲ ಶೇ. 56.1. ಕೆಜಿಗೆ 2.06 ಕೆಜಿ ಇಂಗಾಲದ ಡೈಆಕ್ಸೈಡ್. ನೇರವಾಗಿ 62 ಹಾಕಿದ್ದರೆ 2.27 ಬರುತ್ತಿತ್ತು, ಅಂದರೆ ಶೇ. 10ರಷ್ಟು ಸುಳ್ಳು ಹೊಗೆ. ಬೂದಿಯಲ್ಲಿ ಉರಿಯದೆ ಉಳಿದ ಇಂಗಾಲವನ್ನು ಬೇರೆಯಾಗಿ ಕಳೆಯಿರಿ. ಚೆನ್ನಾಗಿ ನಡೆಯುವ ಬಾಯ್ಲರ್‌ನಲ್ಲಿ ಅದು ಸಾಮಾನ್ಯವಾಗಿ ಒಟ್ಟು ಇಂಗಾಲದ ಶೇ. 1–2, ಬೂದಿ ಕಪ್ಪಗೆ ಕಂಡರೆ ಊಹೆ ಬಿಟ್ಟು ಪರೀಕ್ಷೆಗೇ ಕಳಿಸಿ.

ಬಂದ ಉತ್ತರ ಸರಿಯೇ ಎಂದು ನೋಡಲು ಒಂದು ಒರೆಗಲ್ಲಿದೆ. ಕೆಜಿಗೆ ಬಂದ ಇಂಗಾಲದ ಡೈಆಕ್ಸೈಡನ್ನು ಅದೇ ಹಸಿ ಕಲ್ಲಿದ್ದಲಿನ ಉಷ್ಣಮೌಲ್ಯದಿಂದ, ಅಂದರೆ ಒಂದು ಕೆಜಿ ಸುಟ್ಟರೆ ಸಿಗುವ ಶಾಖದಿಂದ (ಮೆಗಾಜೌಲ್ ಎಂಬ ಶಾಖದ ಏಕಮಾನದಲ್ಲಿ), ಭಾಗಿಸಿ. ಪ್ರತಿ ಮೆಗಾಜೌಲ್‌ಗೆ 90ರಿಂದ 105 ಗ್ರಾಂ ಒಳಗೆ ಬರಬೇಕು. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ ಐಪಿಸಿಸಿ ಕೊಡುವ ಸಿದ್ಧ ಸಂಖ್ಯೆಗಳಲ್ಲಿ ಬಿಟುಮಿನಸ್ ಕಲ್ಲಿದ್ದಲಿಗೆ 94.6, ಲಿಗ್ನೈಟ್‌ಗೆ 101. 70 ಬಂದರೋ 130 ಬಂದರೋ ವರದಿಯ ಎರಡು ಬೇರೆ ಬೇರೆ ಸ್ಥಿತಿಯ ಸಂಖ್ಯೆಗಳು ಬೆರೆತಿವೆ ಎಂದರ್ಥ. ಉಷ್ಣಮೌಲ್ಯ ಕಿಲೋಕ್ಯಾಲೊರಿಯಲ್ಲಿದ್ದರೆ 4.187ರಿಂದ ಗುಣಿಸಿ 1000ದಿಂದ ಭಾಗಿಸಿ, ಮೆಗಾಜೌಲ್ ಸಿಗುತ್ತದೆ.

ಉಷ್ಣಮೌಲ್ಯದಲ್ಲೂ ಗ್ರಾಸ್, ನೆಟ್ ಎಂದು ಎರಡಿವೆ. ಉರಿದಾಗ ಹುಟ್ಟಿದ ನೀರಾವಿ ತಣಿದು ನೀರಾಗುವಾಗ ಬಿಡುವ ಶಾಖವನ್ನೂ ಸೇರಿಸಿದ್ದು ಗ್ರಾಸ್, ಬಿಟ್ಟದ್ದು ನೆಟ್. ಮೀಥೇನ್‌ಗೆ ಕೆಜಿಗೆ 55.5 ಮತ್ತು 50 ಮೆಗಾಜೌಲ್, ಅಂತರ ಸಣ್ಣದಲ್ಲ. ಐಪಿಸಿಸಿ ಸಂಖ್ಯೆಗಳು ನೆಟ್‌ಗೆ ಸೇರಿದವು. ಮೀಟರ್ ಗ್ರಾಸ್‌ನಲ್ಲಿ ತೋರಿಸುತ್ತಿದ್ದರೆ ಮೊದಲು ಬದಲಿಸಿಕೊಂಡು ಆಮೇಲೆ ಗುಣಿಸಿ.

ಒಂದು ಯೂನಿಟ್ ವಿದ್ಯುತ್ತಿಗೆ

ಒಂದು ಯೂನಿಟ್, ಅಂದರೆ ಒಂದು ಕಿಲೋವಾಟ್-ಗಂಟೆ, 3.6 ಮೆಗಾಜೌಲ್. ಕಲ್ಲಿದ್ದಲಿಗೆ 94.6 × 3.6 = 341 ಗ್ರಾಂ. ಇದು ಶಾಖದ ಯೂನಿಟ್ಟಿಗೆ, ವಿದ್ಯುತ್ತಿಗಲ್ಲ. ಸ್ಥಾವರದ ದಕ್ಷತೆ ಶೇ. 35 ಆದರೆ 0.35ರಿಂದ ಭಾಗಿಸಿ: ಸುಮಾರು 970 ಗ್ರಾಂ. ಸ್ಥಾವರದ ಪಂಪು, ಫ್ಯಾನು, ಗಿರಣಿಗಳೇ ಉತ್ಪಾದನೆಯ ಶೇ. 8ನ್ನು ನುಂಗಿದರೆ ಹೊರಗೆ ಹೋಗುವ ಯೂನಿಟ್ಟಿಗೆ 1,050 ಗ್ರಾಂ ಮುಟ್ಟುತ್ತದೆ. ನೈಸರ್ಗಿಕ ಅನಿಲದ ಸಂಖ್ಯೆ ಮೆಗಾಜೌಲಿಗೆ 56.1 ಗ್ರಾಂ, ಅನಿಲ ಟರ್ಬೈನಿನ ಬಿಸಿ ಹೊಗೆಯಿಂದ ಉಗಿ ಟರ್ಬೈನನ್ನೂ ತಿರುಗಿಸುವ ಕಂಬೈನ್ಡ್ ಸೈಕಲ್ ಸ್ಥಾವರದ ದಕ್ಷತೆ ಶೇ. 55 ಎಂದಿಟ್ಟರೆ 367 ಗ್ರಾಂ. ಇಂಧನದಲ್ಲೇ ಇಂಗಾಲ ಕಡಿಮೆ, ಯಂತ್ರದ ದಕ್ಷತೆ ಹೆಚ್ಚು. ಅನಿಲಕ್ಕೆ ಎರಡೂ ಕಡೆಯಿಂದ ಲಾಭ.

ಡೀಸೆಲ್ ಜನರೇಟರಿಗೆ ದಕ್ಷತೆ ಹುಡುಕುತ್ತ ಕೂರುವುದು ಬೇಡ. ತಿಂಗಳಲ್ಲಿ 400 ಲೀಟರ್ ಸುರಿದು 1,250 ಯೂನಿಟ್ ಪಡೆದಿದ್ದರೆ, 400 × 2.63 = 1,052 ಕೆಜಿ; ಯೂನಿಟ್ಟಿಗೆ 840 ಗ್ರಾಂ. ಇಲ್ಲಿ ಲೀಟರಿನ ಲೆಕ್ಕವನ್ನೂ ನೋಡಿ: ಯೂನಿಟ್ಟಿಗೆ 0.32 ಲೀಟರ್. ಒಳ್ಳೆಯ ಲೋಡ್‌ನಲ್ಲಿ 0.28ರ ಹತ್ತಿರ ಇರಬೇಕು. 0.40 ದಾಟಿದರೆ ಯಂತ್ರ ಹೆಚ್ಚು ಹೊತ್ತು ಕಾಲುಭಾಗದ ಲೋಡ್‌ನಲ್ಲಿ ಸುಮ್ಮನೆ ತಿರುಗುತ್ತಿದೆ. ಚಿಕ್ಕ ಜನರೇಟರ್ ಹಾಕಿಕೊಂಡರೆ ಹೊಗೆಯೂ ಖರ್ಚೂ ಇಳಿಯುತ್ತವೆ.

ಅಣು ಇಂಧನಕ್ಕೆ ಬೇರೆ ಅಳತೆಗೋಲು

ಬೈಜಿಕ ವಿದಳನದಲ್ಲಿ, ಅಂದರೆ ಪರಮಾಣುವಿನ ಬೀಜ ಒಡೆದು ಶಾಖ ಬರುವಾಗ, ಇಂಗಾಲ ಉರಿಯುವುದಿಲ್ಲ, ಹಾಗಾಗಿ 3.67ಕ್ಕೆ ಕೆಲಸವಿಲ್ಲ. ಒಂದು ಕೆಜಿ ಯುರೇನಿಯಂ-235 ಪೂರ್ತಿ ವಿದಳನಗೊಂಡರೆ ಸುಮಾರು 2.28 ಕೋಟಿ ಯೂನಿಟ್ ಶಾಖ. ಈ ಸಂಖ್ಯೆಯನ್ನು ಹಾಗೇ ಎತ್ತಿ ‘ಒಂದು ಕೆಜಿ ಅಣು ಇಂಧನ’ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಸಾಮಾನ್ಯ ನೀರು ಬಳಸುವ ರಿಯಾಕ್ಟರಿನ ಇಂಧನದಲ್ಲಿ ಯುರೇನಿಯಂ-235 ಶೇ. 3ರಿಂದ 5 ಮಾತ್ರ, ಅದೂ ಪೂರ್ತಿ ಖರ್ಚಾಗುವ ಮೊದಲೇ ಸರಳುಗಳನ್ನು ಹೊರತೆಗೆಯುತ್ತಾರೆ.

ಸರಿಯಾದ ಅಳತೆ ‘ಬರ್ನಪ್’: ಒಂದು ಟನ್ ಇಂಧನದಿಂದ ಎಷ್ಟು ಗಿಗಾವಾಟ್-ದಿನ ಶಾಖ ಪಡೆದರು ಎಂಬುದು. 45 ಎಂದು ಹಿಡಿಯೋಣ. ಕೆಜಿಗೆ 45 ಮೆಗಾವಾಟ್-ದಿನ, 24 ಗಂಟೆಯಿಂದ ಗುಣಿಸಿದರೆ 10.8 ಲಕ್ಷ ಯೂನಿಟ್ ಶಾಖ. ಶೇ. 33 ದಕ್ಷತೆಗೆ 3.56 ಲಕ್ಷ ಯೂನಿಟ್ ವಿದ್ಯುತ್. ಕೆಜಿಗೆ 24 ಮೆಗಾಜೌಲ್ ಇರುವ ಕಲ್ಲಿದ್ದಲಿನಿಂದ ಇಷ್ಟು ವಿದ್ಯುತ್ ತೆಗೆಯಲು ಸುಮಾರು 150 ಟನ್ ಸುಡಬೇಕು. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಇಂಧನಕ್ಕೆ ಇಷ್ಟು ದೊಡ್ಡ ರಾಶಿ! ಹಾಗೆಂದು ಗಣಿಯನ್ನು ಮರೆಯಬೇಡಿ. ಯುರೇನಿಯಂ-235 ಪಾಲನ್ನು ಶೇ. 4ಕ್ಕೆ ಏರಿಸಿದ (ಸಮೃದ್ಧಗೊಳಿಸಿದ) ಒಂದು ಕೆಜಿ ಇಂಧನಕ್ಕೆ ಸುಮಾರು 8 ಕೆಜಿ ನೈಸರ್ಗಿಕ ಯುರೇನಿಯಂ ಬೇಕು. ಭಾರಜಲ ರಿಯಾಕ್ಟರಿಗೆ ಸಮೃದ್ಧಗೊಳಿಸದ ಯುರೇನಿಯಂ ಸಾಕು, ಆದರೆ ಅದರ ಬರ್ನಪ್ 7ರ ಸುಮಾರು.

ಗಣಿ, ಸಮೃದ್ಧೀಕರಣ, ಕಾಂಕ್ರೀಟು ಎಲ್ಲ ಸೇರಿದ ಜೀವನಚಕ್ರದ ಲೆಕ್ಕದಲ್ಲಿ, ಐಪಿಸಿಸಿ 2014ರ ವರದಿಯ ಮಧ್ಯಾಂಕಗಳು ಯೂನಿಟ್ಟಿಗೆ ಹೀಗಿವೆ: ಅಣುವಿಗೆ 12 ಗ್ರಾಂ, ಅನಿಲಕ್ಕೆ 490, ಕಲ್ಲಿದ್ದಲಿಗೆ 820. ಅಲ್ಲಿನ ಕಲ್ಲಿದ್ದಲ ಸ್ಥಾವರಗಳು ನಮ್ಮ ಶೇ. 35ಕ್ಕಿಂತ ದಕ್ಷ, ಆದ್ದರಿಂದ ಸಂಖ್ಯೆ ಕಡಿಮೆ. ಚಿಮಣಿಯ ಲೆಕ್ಕವನ್ನೂ ಜೀವನಚಕ್ರದ ಲೆಕ್ಕವನ್ನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇಡಬೇಡಿ.

ಸೋರುವ ಮೀಥೇನ್

ಅನಿಲಕ್ಕೆ 367 ಇದ್ದದ್ದು 490 ಆಗಲು ಮುಖ್ಯ ಕಾರಣ ಸೋರಿಕೆ. ಬಾವಿಯಿಂದ ಒಲೆಯವರೆಗೆ ಶೇ. 3 ಸೋರಿದರೆ, ಉರಿದ ಪ್ರತಿ ಕೆಜಿಗೆ 0.031 ಕೆಜಿ ಮೀಥೇನ್ ಗಾಳಿ ಸೇರಿತು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಶಾಖ ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 30 ಪಟ್ಟು ಬಲವಾದದ್ದು, 2.75ಕ್ಕೆ 0.93 ಕೂಡುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ 82 ಪಟ್ಟು. ಕೂಡುವುದು ಸುಮಾರು 2.5. ಹೊಗೆ ಬಹುತೇಕ ಇಮ್ಮಡಿಯಾದಂತೆ. ಯಾವ ಅವಧಿ ಹಿಡಿದಿರಿ ಎಂದು ಬರೆಯದ ಲೆಕ್ಕವನ್ನು ನಂಬಬಾರದು.

ಗಾಳಿಯಲ್ಲಿ ಎಷ್ಟು ಏರಿತು

ಭೂಮಿಯ ವಾಯುಮಂಡಲದ ತೂಕ ಸುಮಾರು 5.15 × 10¹⁸ ಕೆಜಿ, ಗಾಳಿಯ ಸರಾಸರಿ ಅಣುತೂಕ 28.97. ಕೆಜಿಯನ್ನು ಗ್ರಾಂ ಮಾಡಿಕೊಂಡು ಭಾಗಿಸಿದರೆ 1.78 × 10²⁰ ಮೋಲ್ (ಮೋಲ್ ಎಂದರೆ ಅಣುಗಳನ್ನು ಎಣಿಸುವ ಏಕಮಾನ). ಅದರ ದಶಲಕ್ಷದ ಒಂದು ಭಾಗ, ಅಂದರೆ ಒಂದು ಪಿಪಿಎಂ, 1.78 × 10¹⁴ ಮೋಲ್. 44 ಗ್ರಾಂನಿಂದ ಗುಣಿಸಿದರೆ 780 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ಪಿಪಿಎಂ ಎಣಿಸುವುದು ಅಣುಗಳನ್ನು, ತೂಕವನ್ನಲ್ಲ. ವಾಯುಮಂಡಲದ ತೂಕವನ್ನೇ ನೇರವಾಗಿ ದಶಲಕ್ಷದಿಂದ ಭಾಗಿಸಿದರೆ 515 ಕೋಟಿ ಟನ್ ಎಂಬ ತಪ್ಪು ಉತ್ತರ ಬರುತ್ತದೆ.

ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ನನ್ನು ಪಳೆಯುಳಿಕೆ ಇಂಧನಗಳಿಂದ ಹೊರಬಿಡುತ್ತಿದೆ. ಎಲ್ಲವೂ ಗಾಳಿಯಲ್ಲೇ ಉಳಿದಿದ್ದರೆ ವರ್ಷಕ್ಕೆ 4.7 ಪಿಪಿಎಂ ಏರಬೇಕಿತ್ತು. ಈಚಿನ ವರ್ಷಗಳಲ್ಲಿ ಏರುತ್ತಿರುವುದು ಸರಾಸರಿ ಎರಡೂವರೆಯ ಆಸುಪಾಸು. ಮಿಕ್ಕದ್ದನ್ನು ಕಡಲು ಮತ್ತು ಕಾಡು ಹೀರಿಕೊಳ್ಳುತ್ತಿವೆ. ಕಡಲು ಆ ಋಣಕ್ಕೆ ಆಮ್ಲೀಯವಾಗುತ್ತ ಬೆಲೆ ತೆರುತ್ತಿದೆ.

ಈ ಏರಿಕೆ ಎಷ್ಟು ಶಾಖ ಹಿಡಿದಿಡುತ್ತದೆ ಎಂದು ನೋಡಲು ಸರಳ ಸೂತ್ರವಿದೆ: ಈಗಿನ ಪ್ರಮಾಣವನ್ನು ಹಳೆಯ ಪ್ರಮಾಣದಿಂದ ಭಾಗಿಸಿ, ಸ್ವಾಭಾವಿಕ ಲಾಗರಿದಮ್ ತೆಗೆದು, 5.35ರಿಂದ ಗುಣಿಸಿ. ಕೈಗಾರಿಕಾ ಯುಗಕ್ಕೆ ಮುಂಚೆ 280 ಪಿಪಿಎಂ, 2024ರಲ್ಲಿ ಸುಮಾರು 424. ಉತ್ತರ ಚದರ ಮೀಟರಿಗೆ 2.2 ವಾಟ್. ಕ್ಯಾಲ್ಕುಲೇಟರಿನಲ್ಲಿ ‘ಲಾಗ್’ ಒತ್ತಬೇಡಿ, ಅದು ಹತ್ತರ ಆಧಾರದ್ದು. ‘ಎಲ್‌ಎನ್’ ಎಂಬ ಗುಂಡಿ ಒತ್ತಿ.

ಅಳತೆಗಳನ್ನು ಹೋಲಿಸುವಾಗ ತಿಂಗಳು ನೋಡಿಕೊಳ್ಳಿ. ಹವಾಯಿಯ ಮೌನಾ ಲೋವಾದಲ್ಲಿ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಅಳೆಯಲು ಶುರುಮಾಡಿದಾಗ ಪ್ರಮಾಣ ಸುಮಾರು 315 ಪಿಪಿಎಂ ಇತ್ತು. ಅಲ್ಲಿಂದ ಈಚೆಗೆ ಪ್ರತಿ ವರ್ಷವೂ ಗೆರೆ ಮೇ ತಿಂಗಳಲ್ಲಿ ತುದಿ ಮುಟ್ಟಿ, ಉತ್ತರಾರ್ಧಗೋಳದ ಗಿಡಮರ ಚಿಗುರಿ ಹೀರಿಕೊಳ್ಳುತ್ತಿದ್ದಂತೆ ಸೆಪ್ಟೆಂಬರ್ ಹೊತ್ತಿಗೆ ಸುಮಾರು 6 ಪಿಪಿಎಂ ಇಳಿಯುತ್ತದೆ. ಮೇ ತಿಂಗಳ ಅಂಕಿಯ ಪಕ್ಕದಲ್ಲಿ ಅದೇ ವರ್ಷದ ಸೆಪ್ಟೆಂಬರ್ ಅಂಕಿ ಇಟ್ಟರೆ ಹೊಗೆ ತಗ್ಗಿತು ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಮೇ ಅನ್ನು ಮುಂದಿನ ಮೇ ಜೊತೆಗೇ ಹೋಲಿಸಿ, ಇಲ್ಲವೇ ಇಡೀ ವರ್ಷದ ಸರಾಸರಿ ಹಿಡಿಯಿರಿ.