ಫೋನಿನ ನೆರವಿನಿಂದ ನಡಿಗೆ ರೂಢಿಸಿಕೊಳ್ಳುವುದು ಹೇಗೆ?

ಜನವರಿಯ ಮೊದಲ ವಾರ ದಾವಣಗೆರೆಯ ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಜನವೋ ಜನ. ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವಷ್ಟರಲ್ಲಿ ಹಳೆಯ ಮುಖಗಳಷ್ಟೇ ಉಳಿದಿರುತ್ತವೆ. ಬಿಟ್ಟುಹೋದವರ ಫೋನಿನಲ್ಲಿ ಆ್ಯಪ್‌ಗಳಿಗೇನೂ ಕೊರತೆ ಇರುವುದಿಲ್ಲ. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಭಾವನವರು, ಸಕ್ಕರೆ ಪ್ರಮಾಣ ಅಂಚಿಗೆ ಬಂದಿದೆ, ದಿನಾ ನಡೆಯಿರಿ ಎಂದು ವೈದ್ಯರು ಹೇಳಿದ ಸಂಜೆಯೇ ಮಗನ ಕೈಯಲ್ಲಿ ಐದು ಆ್ಯಪ್ ಹಾಕಿಸಿಕೊಂಡರು. ಎರಡನೆಯ ವಾರಕ್ಕೆ ಐದನ್ನೂ ತೆರೆಯುವವರಿರಲಿಲ್ಲ. ಆಮೇಲೆ ಅವರ ಫೋನನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಕೂತು ಮಾಡಿದ ಕ್ರಮವನ್ನೇ ಇಲ್ಲಿ ವಿವರಿಸಿದ್ದೇನೆ.

ಮೊದಲು ಆ ಐದನ್ನೂ ತೆಗೆದುಹಾಕಿ. ಫೋನಿನಲ್ಲಿ ಮೊದಲೇ ಇರುವ ಗಡಿಯಾರದ ಆ್ಯಪ್ ಒಂದೇ ಸಾಕು.

ಎರಡನೆಯದು ಗುರಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರು ‘ಮಾನ್ಪೊಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಆ ಸಂಖ್ಯೆಯೇ ಇಂದಿಗೂ ಉಳಿದುಬಂದಿದೆ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು. ಅಷ್ಟನ್ನೂ ಮೊದಲ ದಿನವೇ ಹೊತ್ತುಕೊಳ್ಳಬೇಡಿ, ಹತ್ತು ನಿಮಿಷದಿಂದ ಆರಂಭಿಸಿ.

ಮೂರನೆಯದಾದ ಅಲಾರಂ ಇಡುವ ಕೆಲಸದಲ್ಲಿಯೇ ಬಹುತೇಕರು ಎಡವುತ್ತಾರೆ, ಆದ್ದರಿಂದ ಇದನ್ನು ಸಾವಧಾನವಾಗಿ ಓದಿ. ಭಾವನವರು ಬೆಳಗಿನ ಐದೂವರೆಗೆ ಅಲಾರಂ ಇಟ್ಟಿದ್ದರು. ರಾತ್ರಿ ಅಂಗಡಿಯ ಲೆಕ್ಕ ಮುಗಿಸಿ ಹನ್ನೊಂದೂವರೆಗೆ ಮಲಗುವವರಿಗೆ ಐದೂವರೆ ಎನ್ನುವುದು ಅವರ ದಿನದೊಳಗೆ ಇರುವ ಹೊತ್ತೇ ಅಲ್ಲ. ಬೆರಳು ತಾನಾಗಿ ಹೋಗಿ ಅಲಾರಂ ಆರಿಸುತ್ತಿತ್ತು, ಆರಿಸಿದ್ದು ಬೆಳಗ್ಗೆ ನೆನಪಿನಲ್ಲೂ ಇರುತ್ತಿರಲಿಲ್ಲ. ಹೊಸ ರೂಢಿಯನ್ನು, ನೀವು ಈಗಾಗಲೇ ತಪ್ಪದೆ ಮಾಡುತ್ತಿರುವ ಕೆಲಸವೊಂದರ ಬೆನ್ನಿಗೆ ಕಟ್ಟಬೇಕು. ‘ಇದಾದ ಕೂಡಲೇ ಅದನ್ನು ಮಾಡುತ್ತೇನೆ’ ಎಂದು ಜಾಗ, ಹೊತ್ತು ಸಮೇತ ಮೊದಲೇ ನಿಶ್ಚಯಿಸಿಕೊಂಡವರು, ಬರೀ ‘ಮಾಡಬೇಕು’ ಎಂದುಕೊಂಡವರಿಗಿಂತ ಹೆಚ್ಚು ಬಾರಿ ಅದನ್ನು ನೆರವೇರಿಸುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಆ ಕೆಲಸ ಯಾವುದೆಂದು ಊಹಿಸಬೇಡಿ, ಮೂರು ದಿನ ಬರೆದಿಡಿ. ಭಾವನವರು ಎರಡು ಗಂಟೆಗೆ ಊಟ ಮಾಡುತ್ತೇನೆ ಎಂದೇ ವಾದಿಸುತ್ತಿದ್ದರು; ಬರೆದಿಟ್ಟು ನೋಡಿದರೆ ಒಂದು ದಿನ 2.20, ಮರುದಿನ 2.35, ಮೂರನೆಯ ದಿನ 2.30. ಊಟವಾದ ಮೇಲೆ ಡಬ್ಬಿ ತೊಳೆದು ಅಂಗಡಿಯ ಹಿಂದಿನ ಕಿಟಕಿಯಲ್ಲಿ ಬೋರಲು ಹಾಕುವುದು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ನಮಗೆ ಬೇಕಾಗಿದ್ದ ಗೂಟ ಅದೇ. ಅಲಾರಂ 2.55ಕ್ಕೆ ಇಟ್ಟೆವು; ಅಂದರೆ ಊಟದ ನಡುವೆ ಬಡಿದುಕೊಂಡು ಸಿಟ್ಟು ಬರಿಸಬಾರದು, ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮೇಲೂ ಬರಬಾರದು. ಅಲಾರಮಿನ ಹೆಸರಿನ ಜಾಗದಲ್ಲಿ ‘ನಡಿಗೆ’ ಎಂದು ಬರೆದರೆ ಉಪಯೋಗವಿಲ್ಲ; ‘ಡಬ್ಬಿ ಬೋರಲು ಹಾಕಿದ್ದಾಯಿತು, ಚಪ್ಪಲಿ ಮೆಟ್ಟಿ, ಬೀದಿಯ ಕೊನೆಯವರೆಗೆ’ ಎಂದು ಮಾಡಬೇಕಾದ ಕೆಲಸವನ್ನೇ ಬರೆಯಿರಿ. ನಿದ್ದೆಯಿಂದ ಎಬ್ಬಿಸುವ ಅಲಾರಮಿನ ಸದ್ದನ್ನು ಇದಕ್ಕೆ ಕೊಡಲೇಬೇಡಿ, ಆ ಸದ್ದನ್ನು ಆರಿಸುವುದು ಕೈಗೆ ಚೆನ್ನಾಗಿ ಪಾಠವಾಗಿರುತ್ತದೆ. ಫೋನನ್ನು ಜೇಬಿನಲ್ಲಿಡದೆ ಚಪ್ಪಲಿ ಬಿಡುವ ಜಾಗದ ಹತ್ತಿರವೇ ಇಡಿ. ಆರಿಸಲು ಎದ್ದು ಹೋದವರ ಕಾಲ ಬುಡದಲ್ಲಿ ಚಪ್ಪಲಿಯೂ ಇರುತ್ತದೆ.

ಅಲಾರಂ ಬಿಟ್ಟು ಬೇರೆ ಆ್ಯಪಿನ ನೆನಪಿಸುವಿಕೆಯೇ ಬೇಕು ಎನ್ನುವವರಿಗೆ ಒಂದು ಎಚ್ಚರಿಕೆ. ಬ್ಯಾಟರಿ ಉಳಿಸುವ ನೆಪದಲ್ಲಿ ಆಂಡ್ರಾಯ್ಡ್ ಫೋನುಗಳು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ, ನೆನಪಿಸುವಿಕೆ ಬರುವುದೇ ಇಲ್ಲ, ಜನ ತಮ್ಮ ಮನೋಬಲವನ್ನು ಬೈದುಕೊಳ್ಳುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಬಳಕೆಗೆ ಇರುವ ನಿರ್ಬಂಧವನ್ನು ತೆಗೆಯಿರಿ. ಹೆಜ್ಜೆ ಎಣಿಸುವ ಆ್ಯಪ್ ನಿಮ್ಮ ಸಂಪರ್ಕಗಳ ಪಟ್ಟಿಯನ್ನು ಕೇಳಿದರೆ ಕೊಡಬೇಡಿ, ನಡಿಗೆಗೂ ನಿಮ್ಮ ಬೀಗರ ನಂಬರಿಗೂ ಏನು ಸಂಬಂಧ?

ಹೆಜ್ಜೆ ಎಣಿಸುವ ಕೈಪಟ್ಟಿ ಕೊಳ್ಳಬೇಕೇ ಎಂದು ಕೇಳುವವರು ಬಹಳ. ಬೇಡ ಎಂಬುದೇ ನನ್ನ ಸಲಹೆ. ನಾನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ ಪಟ್ಟಿ, ಸ್ಕೂಟರಿನಲ್ಲಿ ಹರಿಹರಕ್ಕೆ ಹೋಗಿ ಬಂದ ದಿನ ಮೂರು ಸಾವಿರ ಹೆಜ್ಜೆ ನಡೆದಿದ್ದೇನೆಂದು ಅಭಿನಂದಿಸಿತು. ಅದು ಅಳೆಯುವುದು ಕೈಯ ಅಲುಗಾಟವನ್ನು; ಹ್ಯಾಂಡಲ್ ನಡುಗಿದರೂ ಅದಕ್ಕೆ ಹೆಜ್ಜೆಯೇ. ಕಚೇರಿಯ ನಡಿಗೆ ಸ್ಪರ್ಧೆಗೆಂದು ಫೋನನ್ನು ಮಗುವಿನ ತೊಟ್ಟಿಲಿಗೆ ಹಾಕಿ ತೂಗಿ ಸಂಖ್ಯೆ ಏರಿಸಿದವರನ್ನೂ ಕಂಡಿದ್ದೇನೆ. ಊಟದ ಕ್ಯಾಲೊರಿ ಲೆಕ್ಕದ ಆ್ಯಪ್‌ಗಳ ಕಥೆಯೂ ಹೆಚ್ಚು ಬೇರೆಯಲ್ಲ, ಬೆಣ್ಣೆ ದೋಸೆಯ ಮೇಲೆ ಭಟ್ಟರು ಎಷ್ಟು ಬೆಣ್ಣೆ ಹಾಕಿದರೆಂದು ಅವಕ್ಕೆ ಯಾರು ಹೇಳುತ್ತಾರೆ?

ನಾಲ್ಕನೆಯದು, ದಾಖಲೆ. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗುರುತು ಹಾಕಿ. ಆ್ಯಪ್‌ಗಳು ತೋರಿಸುವ ಸತತ ದಿನಗಳ ಲೆಕ್ಕ ಒಂದು ದಿನ ತಪ್ಪಿದೊಡನೆ ಸೊನ್ನೆಗೆ ಇಳಿಯುತ್ತದೆ, ನಲವತ್ತು ದಿನ ನಡೆದವರೂ ಆ ಸೊನ್ನೆ ಕಂಡು ಕೈಬಿಡುತ್ತಾರೆ. ಮದುವೆಯ ತಿಂಗಳಲ್ಲಿ ಯಾರಿಗೆ ತಾನೇ ಒಂದು ದಿನ ತಪ್ಪುವುದಿಲ್ಲ? ಕ್ಯಾಲೆಂಡರಿನಲ್ಲಾದರೆ ಒಂದು ಚೌಕ ಖಾಲಿ ಇರುತ್ತದೆ, ಅಷ್ಟೆ. 21 ದಿನಕ್ಕೆ ಅಭ್ಯಾಸ ಕೂರುತ್ತದೆ ಎಂಬ ಮಾತನ್ನೂ ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ನಡೆಸಿದ ಅಧ್ಯಯನದಲ್ಲಿ ಒಬ್ಬೊಬ್ಬರಿಗೆ ಹಿಡಿಯುವ ಕಾಲ 18ರಿಂದ 254 ದಿನಗಳವರೆಗೆ ಹರಡಿಕೊಂಡಿತ್ತು, ನಡುಮಟ್ಟ ಸುಮಾರು 66 ದಿನ; ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ಹತ್ತು ನಿಮಿಷ ಸಲೀಸಾದ ಮೇಲೆ ವಾರಕ್ಕೆ ಐದು ನಿಮಿಷದಂತೆ ಏರಿಸುತ್ತಾ ಹೋಗಿ. ಸಕ್ಕರೆಯ ಮಾತ್ರೆ ನುಂಗುತ್ತಿರುವವರು ಏರಿಸುವ ಮೊದಲು ವೈದ್ಯರಿಗೆ ತಿಳಿಸಬೇಕು; ಮಾತ್ರೆಯ ಪ್ರಮಾಣವನ್ನು ತಾವಾಗಿ ಮುಟ್ಟಬಾರದು.

ಕೊನೆಯದಾಗಿ, ಅಲಾರಂ ತೆಗೆಯುವುದು. ಎರಡು ತಿಂಗಳು ಕಳೆದ ಮೇಲೆ ಒಂದು ವಾರ ಅದನ್ನು ಆರಿಸಿಟ್ಟು ನೋಡಿ. ಭಾವನವರು ಡಬ್ಬಿ ಬೋರಲು ಹಾಕಿ, ಸದ್ದಿಲ್ಲದಿದ್ದರೂ ಚಪ್ಪಲಿ ಹುಡುಕತೊಡಗಿದ್ದರು. ನಿಮಗೆ ಆ ವಾರದಲ್ಲಿ ಮೂರು ದಿನ ತಪ್ಪಿತೆಂದರೆ ಅಲಾರಮನ್ನು ಮತ್ತೆ ಇಡಿ, ಆದರೆ ಈ ಬಾರಿ ಬೇರೆ ಗೂಟ ಹುಡುಕಿಕೊಂಡು.