ಯಾರೋ ಹಾಕಿದ ಖಟ್ಲೆಗೆ ನಗುವ ಮುಂಚೆ ಏನೇನು ನೋಡಬೇಕು

ಪ್ಯಾಕೆಟ್ಟಿನಲ್ಲಿ ಒಂದು ಬಿಸ್ಕತ್ತು ಕಮ್ಮಿ ಇತ್ತು ಅಂತ ಕೇಸ್ ಹಾಕಿದ, 1 ಲಕ್ಷ ರೂಪಾಯಿ ಪರಿಹಾರ ಹೊಡೆದ. ಇಂಥದೊಂದು ಸುದ್ದಿ ವಾಟ್ಸಾಪ್‌ನಲ್ಲಿ ಬಂದರೆ ಸಾಕು, ಬೆಳಗಾವಿಯ ಯಾವ ಚಹಾ ಅಂಗಡಿಯಲ್ಲಿ ನಿಂತರೂ ಒಂದೇ ಮಾತು: "ಮಾಡಾಕ ಕೆಲಸ ಇಲ್ಲ ನೋಡ್ರಿ ಇವರಿಗೆ." ಸುದ್ದಿ ಸುಳ್ಳಲ್ಲ. 2023ರಲ್ಲಿ ತಮಿಳುನಾಡಿನ ತಿರುವಳ್ಳೂರು ಜಿಲ್ಲಾ ಗ್ರಾಹಕರ ಆಯೋಗ ಕೊಟ್ಟ ಆದೇಶ ಅದು. ಆದರೆ ಕವರಿನ ಮೇಲೆ 16 ಬಿಸ್ಕತ್ತು ಅಂತ ಅಚ್ಚು ಹಾಕಿದ್ದು ಕಂಪನಿಯೇ. ಒಳಗೆ ಇದ್ದದ್ದು 15. ನಾವು ತೂಕದ ಮೇಲೆ ಮಾರುತ್ತೇವೆ, ಎಣಿಕೆ ಮುಖ್ಯ ಅಲ್ಲ ಎಂದು ಕಂಪನಿ ವಾದಿಸಿತು. ಸರಿ ಅಂತ ತೂಗಿದರೆ 76 ಗ್ರಾಂ ಇರಬೇಕಾದ ಕಡೆ 74 ಇತ್ತು. ಇಷ್ಟು ಗೊತ್ತಾದ ಮೇಲೆ ನಗು ಸ್ವಲ್ಪ ಇಳಿಯುತ್ತದೆ, ಅಲ್ವಾ?

ನನಗೆ ಕಂಡ ಹಾಗೆ ಇಂಥ ಸುದ್ದಿಗಳಲ್ಲಿ ಎರಡೇ ಸಂಗತಿ ನಮ್ಮ ತನಕ ಬರುತ್ತವೆ: ಅತಿ ಚಿಕ್ಕ ವಸ್ತು, ಅತಿ ದೊಡ್ಡ ಮೊತ್ತ. ನಡುವಿನದ್ದೆಲ್ಲ ಮಾಯ. ಆ ನಡುವಿನದನ್ನು ನೀವೇ ಹುಡುಕಿ ತೆಗೆಯಬೇಕು. ವಕೀಲಿಕೆ ಓದಿರಬೇಕಿಲ್ಲ.

ಮೊದಲು, ಆ ಮನುಷ್ಯ ಕೋರ್ಟಿಗೆ ಹೋಗುವ ಮುಂಚೆ ಎಷ್ಟು ಕೇಳಿದ್ದ, ಎದುರಿನವರು ಎಷ್ಟು ಕೊಡಲು ಬಂದರು ಅಂತ ನೋಡಿ. ಇದೊಂದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಅಮೆರಿಕದ ಮೆಕ್‌ಡೊನಾಲ್ಡ್ಸ್ ಕಾಫಿ ಕೇಸ್ ಕೇಳಿರುತ್ತೀರಿ. ಮೈಮೇಲೆ ಕಾಫಿ ಚೆಲ್ಲಿಕೊಂಡು ಕೋಟಿ ಕೋಟಿ ಗೆದ್ದ ಅಜ್ಜಿ ಅಂತ ಇವತ್ತಿಗೂ ಜೋಕ್ ಓಡುತ್ತದೆ. ನಡೆದದ್ದು ಹೀಗೆ: 1992ರಲ್ಲಿ ನ್ಯೂ ಮೆಕ್ಸಿಕೋದ ಅಲ್ಬುಕರ್ಕಿಯಲ್ಲಿ, ನಿಂತ ಕಾರಿನಲ್ಲಿ ಕೂತಿದ್ದ 79 ವರ್ಷದ ಸ್ಟೆಲ್ಲಾ ಲೀಬೆಕ್ ಅವರ ತೊಡೆಯ ಮೇಲೆ ಕಾಫಿ ಚೆಲ್ಲಿತು. ಚರ್ಮ ಆಳದವರೆಗೆ ಸುಟ್ಟಿತು, 8 ದಿನ ಆಸ್ಪತ್ರೆ, ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು. ಕಂಪನಿ ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಡುತ್ತಿತ್ತು, ಹಿಂದಿನ 10 ವರ್ಷದಲ್ಲಿ ಸುಟ್ಟುಕೊಂಡವರ 700ಕ್ಕೂ ಹೆಚ್ಚು ದೂರು ಅದರ ಕೈಯಲ್ಲೇ ಇದ್ದವು. ಆಕೆ ಮೊದಲು ಕೇಳಿದ್ದು 20,000 ಡಾಲರ್. ಕಂಪನಿ ಕೊಡಲು ಬಂದದ್ದು 800. ಜ್ಯೂರಿ ವಿಧಿಸಿದ 27 ಲಕ್ಷ ಡಾಲರ್ ದಂಡವನ್ನು ನ್ಯಾಯಾಧೀಶರೇ 4.8 ಲಕ್ಷಕ್ಕೆ ಇಳಿಸಿದರು, ಚೆಲ್ಲಿದ್ದರಲ್ಲಿ ಆಕೆಯದ್ದೂ ಶೇ 20 ತಪ್ಪು ಅಂತ ಪರಿಹಾರದಲ್ಲೂ ಕಡಿತ ಮಾಡಿದ್ದರು, ಕೊನೆಗೆ ಎರಡೂ ಕಡೆಯವರು ಬಾಯಿ ಬಿಡದ ಒಂದು ಮೊತ್ತಕ್ಕೆ ರಾಜಿಯಾಯಿತು. ಜೋಕಿನಲ್ಲಿ ಉಳಿದದ್ದು ಆ 27 ಲಕ್ಷ ಮಾತ್ರ.

ಎರಡನೆಯದು ಗುಣಾಕಾರ. ಒಬ್ಬನಿಗೆ ಆದ ನಷ್ಟ ನೋಡಬೇಡಿ, ಅದೇ ನಷ್ಟ ದಿನಕ್ಕೆ ಎಷ್ಟು ಜನರಿಗೆ ಆಗುತ್ತಿದೆ ನೋಡಿ. ನಮ್ಮ ಬೆಳಗಾವಿ ಕುಂದಾನೇ ತಗೊಳ್ಳಿ. ಅಂಗಡಿಯವ ಖಾಲಿ ಬಾಕ್ಸ್ ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡದೆ, ಹಾಗೇ ಕುಂದಾ ತುಂಬಿ ಅರ್ಧ ಕೆಜಿ ಅಂದ ಅಂತಿಟ್ಟುಕೊಳ್ಳಿ. ಬಾಕ್ಸ್ 50 ಗ್ರಾಂ ಇದ್ದರೆ ನೀವು ಕುಂದಾದ ರೇಟಿಗೆ 50 ಗ್ರಾಂ ರಟ್ಟು ಕೊಂಡಿದ್ದೀರಿ. ಇಂಥ 100 ಬಾಕ್ಸ್ ಹೋದರೆ ದಿನಕ್ಕೆ 5 ಕೆಜಿ. ತೂಕದಲ್ಲಿ ಡಬ್ಬಿಯ ತೂಕ ಸೇರಿಸುವಂತಿಲ್ಲ ಅಂತ ಕಾನೂನೇ ಇದೆ, ಅದಕ್ಕೆಂದೇ ಕಾನೂನು ಮಾಪನ ಇಲಾಖೆಯೂ ಇದೆ. ನಾಳೆ ಯಾರಾದರೂ ಈ 50 ಗ್ರಾಂಗೆ ದೂರು ಕೊಟ್ಟರೆ "ಕುಂದಾಕ್ಕೂ ಕೋರ್ಟು" ಅಂತಲೇ ತಲೆಬರಹ ಬರುತ್ತದೆ, ನೋಡುತ್ತಿರಿ.

ಇನ್ನು ನಮ್ಮ ಕಡೆ ಜಾಸ್ತಿ ತಪ್ಪು ತಿಳಿದಿರುವ ಖಟ್ಲೆ ಭೂಪರಿಹಾರದ್ದು. ಆಲಮಟ್ಟಿ ಹಿನ್ನೀರಿಗೆ ಹೊಲ, ಮನೆ ಕೊಟ್ಟವರು ಬಾಗಲಕೋಟೆ, ವಿಜಯಪುರದಲ್ಲಿ ಸಾವಿರಾರು ಜನ. ಬಾಗಲಕೋಟೆಯವರಿಗಂತೂ ಊರೇ ಅರ್ಧ ನೀರಿಗೆ ಹೋಗಿ ನವನಗರ ಬಂತು. ಅವರಲ್ಲಿ ಯಾರಾದರೂ ಹೆಚ್ಚುವರಿ ಪರಿಹಾರಕ್ಕೆ ದಾವೆ ಹೂಡಿದರೆ, ಒಮ್ಮೆ ದುಡ್ಡು ಎಣಿಸಿಕೊಂಡು ಮತ್ತೆ ಕೋರ್ಟಿಗೆ ಹೋಗಿದ್ದಾನೆ, ಎಂಥ ಆಸೆಬುರುಕ ಅಂತ ಜನ ಅಂದುಬಿಡುತ್ತಾರೆ. ಇದು ಅನ್ಯಾಯದ ಮಾತು. 2014ರಲ್ಲಿ ಹೊಸ ಕಾಯ್ದೆ ಜಾರಿಗೆ ಬರುವ ತನಕ ಇದ್ದ 1894ರ ಹಳೇ ಭೂಸ್ವಾಧೀನ ಕಾಯ್ದೆಯಲ್ಲಿ 18ನೇ ಕಲಮು ಇದ್ದದ್ದೇ ಇದಕ್ಕಾಗಿ. ಅಧಿಕಾರಿ ತನ್ನ ಲೆಕ್ಕದ ಪ್ರಕಾರ ದರ ಕಟ್ಟುತ್ತಾನೆ, ರೈತ ತಕರಾರು ಬರೆದು ಆ ದುಡ್ಡು ತಗೊಳ್ಳುತ್ತಾನೆ, ದರ ಸರಿಯೋ ಇಲ್ಲವೋ ಅಂತ ಕೋರ್ಟ್ ನೋಡುತ್ತದೆ. ತಕರಾರು ಇಲ್ಲದೆ ಸುಮ್ನೆ ಸಹಿ ಮಾಡಿ ತಗೊಂಡರೆ ಈ ಹಕ್ಕೇ ಹೋಗುತ್ತದೆ. ಅಂದರೆ ಎರಡನೇ ಸಲ ಕೋರ್ಟಿಗೆ ಹೋಗುವುದು ಆ ವ್ಯವಸ್ಥೆಯ ಒಳಗಿನದೇ ಒಂದು ಹಂತ.

ಪೇಪರಿನಲ್ಲಿ ಬರುವ ಮೊತ್ತವನ್ನೂ ಬಿಡಿಸಿ ನೋಡಿ. ಕೋರ್ಟ್ 1 ಲಕ್ಷ ಹೆಚ್ಚಿಸಿತು ಅನ್ನಿ. ಒಪ್ಪಿಗೆ ಇಲ್ಲದೆ ಭೂಮಿ ತೆಗೆದುಕೊಂಡದ್ದಕ್ಕೆ ಹಳೇ ಕಾಯ್ದೆಯಲ್ಲಿ ಶೇ 30 ಸೇರುತ್ತದೆ, 1.30 ಲಕ್ಷ ಆಯಿತು. ಜಮೀನು ವಶಕ್ಕೆ ಹೋದ ದಿನದಿಂದ ಮೊದಲ ವರ್ಷ ಶೇ 9, ಆಮೇಲೆ ದುಡ್ಡು ಕಟ್ಟುವ ತನಕ ವರ್ಷಕ್ಕೆ ಶೇ 15 ಬಡ್ಡಿ. ಹತ್ತು ವರ್ಷ ಎಳೆದರೆ ಬಡ್ಡಿಯೇ ಸುಮಾರು 1.87 ಲಕ್ಷ, ಒಟ್ಟು 3.17 ಲಕ್ಷದ ಹತ್ತಿರ. ಭೂಮಿಯ ಬೆಲೆಯ ಮೇಲೆ ಸೇರುವ ಶೇ 12ರ ಇನ್ನೊಂದು ಮೊತ್ತವೂ ಇದೆ, ಅದನ್ನು ನಾನಿಲ್ಲಿ ಹಿಡಿದಿಲ್ಲ. ಅರ್ಧಕ್ಕಿಂತ ಜಾಸ್ತಿ ದುಡ್ಡು ಸರ್ಕಾರ ತಡ ಮಾಡಿದ್ದಕ್ಕೆ ಬಂದದ್ದು, ಹೆಸರು ಕೆಡುವುದು ಮಾತ್ರ ರೈತನದು. ಎಸಿ (ಉಪವಿಭಾಗಾಧಿಕಾರಿ) ಕಚೇರಿಯ ಕುರ್ಚಿ, ಕಂಪ್ಯೂಟರ್ ಜಪ್ತಿ ಅಂತ ಫೋಟೊ ಬಂದಾಗಲೂ ಇದನ್ನು ನೆನಪಿಡಿ. ಕೋರ್ಟಿನ ಅಮೀನರು ಕುರ್ಚಿ ಹೊತ್ತು ತಂದು ಟಂಟಂಗೆ ಹೇರುವುದು ನೋಡಲು ತಮಾಷೆಯೇ. ಆದರೆ ಅದು ಖಟ್ಲೆಯ ಶುರು ಅಲ್ಲ, ಕೊನೆ. ಆದೇಶ ಆಗಿ, ದುಡ್ಡು ಬಾರದೆ, ಜಾರಿಗೆ ಅಂತ ಬೇರೆ ಅರ್ಜಿ ಹಾಕಿದ ಮೇಲೆ ಆಗುವ ಜಪ್ತಿ.

ತಡದ ಮಾತು ಬಂತಲ್ಲ, ಎಳೆದವರು ಯಾರು ಅಂತ ಯಾವಾಗಲೂ ಕೇಳಿ. ಮಥುರಾದ ವಕೀಲರೊಬ್ಬರು 1999ರಲ್ಲಿ ರೈಲು ಟಿಕೆಟಿಗೆ 20 ರೂಪಾಯಿ ಜಾಸ್ತಿ ತಗೊಂಡರೆಂದು ದೂರು ಕೊಟ್ಟು 2022ರಲ್ಲಿ ಗೆದ್ದರು. 20 ರೂಪಾಯಿಗೆ 22 ವರ್ಷ ಅಂತ ಎಲ್ಲರೂ ನಕ್ಕರು. ಆದರೆ ಈ ದೂರು ಗ್ರಾಹಕರ ಕೋರ್ಟಿನಲ್ಲಿ ನಡೆಯುವುದೇ ಇಲ್ಲ, ರೈಲ್ವೆ ನ್ಯಾಯಮಂಡಳಿಗೆ ಹೋಗಬೇಕು ಅಂತ ಹಟ ಹಿಡಿದದ್ದು ರೈಲ್ವೆ. ಅದೇ ದಿನ 20 ರೂಪಾಯಿ ವಾಪಸ್ ಕೊಟ್ಟಿದ್ದರೆ ಮುಗಿದಿತ್ತು.

ಇದನ್ನೆಲ್ಲ ಎಲ್ಲಿ ನೋಡುವುದು? ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಹಾಕಿಕೊಳ್ಳಿ. ಜಿಲ್ಲೆ, ಕೋರ್ಟ್ ಆರಿಸಿ, ಪಾರ್ಟಿ ಹೆಸರು, ವರ್ಷ ಕೊಟ್ಟರೆ ಕೇಸ್ ಬರುತ್ತದೆ. ಅಕ್ಷರ, ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರ್ ಇದ್ದರೆ ಇನ್ನೂ ಸಲೀಸು. ಗ್ರಾಹಕರ ಆಯೋಗದ್ದಾದರೆ ಇ-ಜಾಗೃತಿ ಪೋರ್ಟಲ್. ಆದೇಶದ ಪಿಡಿಎಫ್ ತೆರೆದರೆ ಪುಟಗಟ್ಟಲೆ ಇಂಗ್ಲಿಷ್ ನೋಡಿ ಹೆದರಬೇಡಿ, ಎಲ್ಲ ಓದಬೇಕಿಲ್ಲ. ನಡುವೆ "ಪಾಯಿಂಟ್ಸ್ ಫಾರ್ ಕನ್ಸಿಡರೇಶನ್" ಅಂತಲೋ "ಇಶ್ಯೂಸ್" ಅಂತಲೋ ಎರಡು ಮೂರು ಪ್ರಶ್ನೆ ಇರುತ್ತವೆ. ಖಟ್ಲೆ ನಿಜಕ್ಕೂ ಯಾವುದರ ಬಗ್ಗೆ ಅಂತ ಅಲ್ಲಿ ತಿಳಿಯುತ್ತದೆ. ಆಮೇಲೆ ಸೀದಾ ಕೊನೇ ಪುಟಕ್ಕೆ ಹೋಗಿ, ಏನು ಕೊಟ್ಟರು ನೋಡಿ.

ಹಾಗಂತ ಎಲ್ಲ ಖಟ್ಲೆಯೂ ಸಾಚಾ ಅಲ್ಲ. ಬಾಂದಿನ ಜಗಳಗಳಲ್ಲಿ ಬರೀ ಹಟಕ್ಕೆ ನಡೆಯುವವು ಬೇಕಾದಷ್ಟಿವೆ. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಒಂದು ಅಡಿ ಬದುವಿಗೆ ಮಕ್ಕಳ ಕಾಲದ ತನಕ ತಾರೀಖು ಸುತ್ತುತ್ತಾರೆ. ಅಲ್ಲಿ ನಾನು ಕೇಳುವುದು ಒಂದೇ: ದಾವೆ ಹಾಕುವ ಮುಂಚೆ ಸರ್ವೆಯವರಿಗೆ ಹದ್ದುಬಸ್ತು (ಗಡಿ ಅಳತೆ) ಅರ್ಜಿ ಕೊಟ್ಟಿದ್ದನೇ? ಅಳತೆ ಮಾಡಿಸಲು ಒಪ್ಪದೆ ನೇರ ತಡೆಯಾಜ್ಞೆಗೆ ಓಡಿದವನ ಮೇಲೆ ನನಗೆ ಅನುಮಾನ ಜಾಸ್ತಿ. ಒಂದೇ ವಿಷಯಕ್ಕೆ ಬೇರೆ ಬೇರೆ ಕಡೆ ಕೇಸ್ ಹಾಕುವವರು, ನೋಟಿಸ್ ಕೂಡ ಕೊಡದೆ ಮೊದಲು ಪತ್ರಿಕಾಗೋಷ್ಠಿ ಕರೆಯುವವರು, ಇವರ ಮೇಲೂ ಅಷ್ಟೇ. ಸುಳ್ಳು ಕೇಸ್ ಹಾಕಿದವನಿಂದ ಎದುರಿನವರಿಗೆ ಖರ್ಚು ಕೊಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 35ಎ ಕಲಮು ಇದೆ. ಅದರ ಮಿತಿ ಬರೀ 3,000 ರೂಪಾಯಿ. ಅದಕ್ಕೆ ಯಾರು ಹೆದರುತ್ತಾರೆ ಹೇಳಿ!

ಕೊನೆಯದಾಗಿ, ಮೇಲ್ಮನವಿ ಇದೆಯಾ ನೋಡಿ. ಇಲ್ಲಿ ನಗುವವರೂ ಎಡವುತ್ತಾರೆ, ಚಪ್ಪಾಳೆ ಹೊಡೆಯುವವರೂ ಎಡವುತ್ತಾರೆ. 5ಜಿ ವಿರುದ್ಧ ಕೋರ್ಟಿಗೆ ಹೋದ ನಟಿ ಜೂಹಿ ಚಾವ್ಲಾ ಅವರಿಗೆ 2021ರಲ್ಲಿ ದೆಹಲಿ ಹೈಕೋರ್ಟ್, ಇದು ಪ್ರಚಾರಕ್ಕೆ ಮಾಡಿದ್ದು ಅಂತ 20 ಲಕ್ಷ ದಂಡ ಹಾಕಿದ್ದು ಎಲ್ಲರಿಗೂ ನೆನಪಿದೆ. 2022ರಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು 2 ಲಕ್ಷಕ್ಕೆ ಇಳಿಸಿ ಆ ಟೀಕೆಯನ್ನೂ ತೆಗೆದುಹಾಕಿತು, ಅದು ಬಹಳ ಜನರಿಗೆ ತಲುಪಲೇ ಇಲ್ಲ. ಇನ್ನೊಂದು ಕಡೆ, 2025ರಲ್ಲಿ ಸಿನಿಮಾಕ್ಕೆ ಮುಂಚೆ 25 ನಿಮಿಷ ಜಾಹೀರಾತು ಹಾಕಿದರೆಂದು ಬೆಂಗಳೂರಿನ ಗ್ರಾಹಕರ ಆಯೋಗ ಮಲ್ಟಿಪ್ಲೆಕ್ಸ್‌ಗೆ ದಂಡ ಹಾಕಿದಾಗ ಎಲ್ಲರೂ ಖುಷಿಪಟ್ಟರು. ಸ್ವಲ್ಪ ದಿನದಲ್ಲೇ ಹೈಕೋರ್ಟ್ ತಡೆ ಕೊಟ್ಟಿತು. ನಮ್ಮ ಕಡೆಯ ಖಟ್ಲೆ ಹೈಕೋರ್ಟಿಗೆ ಹೋಗಿದೆ ಅಂದರೆ ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠದಲ್ಲಿ ಹುಡುಕಿ, ವಿಜಯಪುರದವರು ಕಲಬುರಗಿಯಲ್ಲಿ. ಧಾರವಾಡದಲ್ಲಿ ಹುಡುಕಿ ಸಿಗಲಿಲ್ಲ ಅಂತ ವಿಜಯಪುರದವರು ಕೈಬಿಟ್ಟರೆ ಕಷ್ಟ.